ಪಾಲಾರ್ ದಾರಿಯಲ್ಲಿ ಕಾರ್ಡಿಗೇನು ಕೆಲಸ?

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಕಾಡಿನ ತಿರುವುಗಳಲ್ಲಿ ಇಳಿದು ಹೋದರೆ ಕರ್ನಾಟಕ ಮುಗಿಯುವುದು ಪಾಲಾರ್‌ನಲ್ಲಿ. ಒಂದು ಹೊಳೆ, ಒಂದು ಸೇತುವೆ, ಒಂದು ಚೆಕ್‌ಪೋಸ್ಟು, ಅದರಾಚೆ ತಮಿಳುನಾಡು. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಮಂದಿಯನ್ನು ಕೊಂದಾಗ ಈ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಮಾದಪ್ಪನ ಒಕ್ಕಲಿಗೆ ಮಾತ್ರ ಇದು ಮೊದಲಿನಿಂದಲೂ ನಡೆದ ದಾರಿಯೇ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗಡಿ ಈಚಿನದು, ನಂಟು ಹಳೆಯದು.

ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ತಮಿಳುನಾಡಿನ ಭಕ್ತರು ಈ ದಾರಿಯಲ್ಲೇ ಬೆಟ್ಟ ಹತ್ತುತ್ತಾರೆ. ಅವರನ್ನು ನಂಬಿದ ವ್ಯಾಪಾರವೆಲ್ಲ ಸಣ್ಣದು: ಟೀ, ಎಳನೀರು, ಹಣ್ಣುಕಾಯಿ, ಕಡ್ಲೆಪುರಿ. ಹತ್ತು, ಇಪ್ಪತ್ತು, ಹೆಚ್ಚೆಂದರೆ ನೂರು ರೂಪಾಯಿಯ ಲೆಕ್ಕ. ಇಂಥ ಅಂಗಡಿಯವರಿಗೆ ‘ವೀಸಾ’ ಎಂದರೆ ಪರದೇಶಕ್ಕೆ ಹೋಗುವವರು ಮಾಡಿಸುವ ಕಾಗದ, ಅಷ್ಟೇ. ಆ ಹೆಸರಿನ ಕಾರ್ಡು ಅವರ ಗಲ್ಲಾಪೆಟ್ಟಿಗೆಯ ಹತ್ತಿರ ಸುಳಿಯಲೇ ಇಲ್ಲ. ಆದರೆ ಇಂದು ಅಂಥದೇ ಅಂಗಡಿಗಳಲ್ಲಿ ಕಪ್ಪು ಬಿಳಿ ಚೌಕದ ಚೀಟಿ ಅಂಟಿದೆ. ಸೇಲಂನ ಬ್ಯಾಂಕಿನಲ್ಲಿ ಖಾತೆಯಿರುವ ಭಕ್ತ ಫೋನು ಹಿಡಿದರೆ, ಕ್ಷಣದಲ್ಲಿ ಹಣ ಹನೂರಿನ ಬ್ಯಾಂಕಿನ ಖಾತೆಗೆ ಬೀಳುತ್ತದೆ. ನಡುವೆ ಕಾರ್ಡು ಕಂಪನಿಯಿಲ್ಲ.

ನಮಗೆ ಮಾಮೂಲಾಗಿಬಿಟ್ಟ ಈ ಸಂಗತಿಗಾಗಿ ಶ್ರೀಮಂತ ಯುರೋಪು ವರ್ಷಗಟ್ಟಲೆಯಿಂದ ಹೆಣಗುತ್ತಿದೆ.

ಯುರೋಪಿನ ಚಿಂತೆ

ಯುರೋ ನಾಣ್ಯದ ದೇಶಗಳಲ್ಲಿ 2022ರಲ್ಲಿ ನಡೆದ ಕಾರ್ಡು ಪಾವತಿಗಳಲ್ಲಿ ಶೇ 61ರಷ್ಟು ಅಂತರರಾಷ್ಟ್ರೀಯ ಕಾರ್ಡು ಜಾಲಗಳ ಮೂಲಕ ಸಾಗಿದವು ಎಂದು ಅಲ್ಲಿನ ಕೇಂದ್ರೀಯ ಬ್ಯಾಂಕು ಲೆಕ್ಕ ಕೊಟ್ಟಿದೆ. ಮುಖ್ಯವಾಗಿ ಎರಡು ಹೆಸರು: ವೀಸಾ, ಮಾಸ್ಟರ್‌ಕಾರ್ಡ್. ಎರಡೂ ಅಮೆರಿಕದವು. ಹದಿಮೂರು ದೇಶಗಳಲ್ಲಿ ಸ್ವಂತ ಕಾರ್ಡು ವ್ಯವಸ್ಥೆಯೇ ಇಲ್ಲ. 2022ರ ಮಾರ್ಚಿನಲ್ಲಿ ಈ ಎರಡು ಕಂಪನಿಗಳು ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದವು. 2014ರ ನಿರ್ಬಂಧಗಳ ಪೆಟ್ಟಿನ ನಂತರ ರಷ್ಯಾ ‘ಮಿರ್’ ಎಂಬ ಸ್ವಂತ ಜಾಲ ಕಟ್ಟಿಕೊಂಡಿದ್ದರಿಂದ ಒಳಗಿನ ವ್ಯಾಪಾರ ನಿಲ್ಲಲಿಲ್ಲ. ನಮ್ಮ ಬಾಗಿಲ ಬೀಗದ ಕೈ ಪರರ ಜೇಬಿನಲ್ಲಿದ್ದರೆ ಗತಿಯೇನು ಎಂಬ ಯೋಚನೆ ಯುರೋಪಿನಲ್ಲಿ ಬಲವಾಯಿತು.

ಅವರು ಸುಮ್ಮನೆ ಕುಳಿತಿರಲಿಲ್ಲ. ‘ಮೊನೆ’ ಎಂಬ ಯೋಜನೆ 2012ರಲ್ಲಿ ಕೈಬಿಟ್ಟುಹೋಯಿತು. 2020ರಲ್ಲಿ ದೊಡ್ಡ ಬ್ಯಾಂಕುಗಳು ಒಟ್ಟುಗೂಡಿ ಯುರೋಪಿನದೇ ಕಾರ್ಡು ತರಲು ಹೊರಟವು; 2022ರಲ್ಲಿ ಹಲವು ಬ್ಯಾಂಕುಗಳು ಹಿಂದೆ ಸರಿದವು. ಉಳಿದವರು ಕಾರ್ಡಿನ ಆಸೆಯನ್ನೇ ಬಿಟ್ಟು, ಖಾತೆಯಿಂದ ಖಾತೆಗೆ ನೇರವಾಗಿ ಹಣ ಕಳಿಸುವ ‘ವೆರೊ’ವನ್ನು 2024ರ ಜುಲೈಯಲ್ಲಿ ಜರ್ಮನಿಯಲ್ಲಿ ಆರಂಭಿಸಿದರು. ಸ್ವೀಡನ್ನಿನ ‘ಸ್ವಿಶ್’, ಪೋಲೆಂಡಿನ ‘ಬ್ಲಿಕ್’, ಸ್ಪೇನಿನ ‘ಬಿಜುಮ್’ ತಂತಮ್ಮ ದೇಶದಲ್ಲಿ ಚೆನ್ನಾಗಿ ಬೇರೂರಿವೆ. ಆದರೆ ಗಡಿ ದಾಟಿದರೆ ಮತ್ತೆ ಕಾರ್ಡೇ ಗತಿ ಎಂಬ ಸ್ಥಿತಿ ಬಹುಕಾಲ ಇತ್ತು. ಕಾರ್ಡಿಗೆ ಎದುರಾಳಿ ಇನ್ನೊಂದು ಕಾರ್ಡಲ್ಲ ಎಂಬ ಪಾಠ ಅವರಿಗೆ ತಡವಾಗಿ ದಕ್ಕಿತು.

ಕಾರ್ಡು ಬೆಟ್ಟ ಹತ್ತಲಿಲ್ಲ

ನಮ್ಮ ದಾರಿ ಬೇರೆ. ಕಾರ್ಡು ಉಜ್ಜಬೇಕಾದರೆ ಅಂಗಡಿಯವನು ಯಂತ್ರ ತರಿಸಬೇಕು, ಅದಕ್ಕೆ ಬಾಡಿಗೆ ಕಟ್ಟಬೇಕು. ಗಿರಾಕಿಯ ಬ್ಯಾಂಕು, ಅಂಗಡಿಯ ಬ್ಯಾಂಕು, ನಡುವಿನ ಕಾರ್ಡು ಜಾಲ, ಮೂವರಿಗೂ ಪಾಲು ಹೋಗಬೇಕು. ಹತ್ತು ರೂಪಾಯಿ ಟೀಯಲ್ಲಿ ಇಷ್ಟು ಮಂದಿಗೆ ಕೊಟ್ಟು ಉಳಿಯುವುದೇನು? ಹಾಗಾಗಿ ಕಾರ್ಡು ಪಟ್ಟಣದ ಜವಳಿ ಅಂಗಡಿ, ಚಿನ್ನದ ಅಂಗಡಿಗಳಲ್ಲೇ ನಿಂತಿತು.

2008ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2012ರಲ್ಲಿ ‘ರೂಪೇ’ ಕಾರ್ಡು ತಂದಿತು. 2014ರ ಆಗಸ್ಟಿನಲ್ಲಿ ಶುರುವಾದ ಜನಧನ ಖಾತೆಗಳ ಜೊತೆಗೆ ಅದು ಹಳ್ಳಿಯ ಮನೆಗಳಿಗೂ ಬಂತು. ಆದರೂ ಸಣ್ಣ ಅಂಗಡಿಯ ಲೆಕ್ಕ ಬದಲಾದದ್ದು 2016ರ ಏಪ್ರಿಲ್ 11ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ರಘುರಾಮ್ ರಾಜನ್ ಚಾಲನೆ ಕೊಟ್ಟ ಯುಪಿಐಯಿಂದ. ಅದೇ ನವೆಂಬರಿನ ನೋಟು ರದ್ದತಿ ಜನರನ್ನು ಅದರ ಕಡೆಗೆ ದೂಡಿತು. ಇದಕ್ಕೆ ಯಂತ್ರ ಬೇಡ, ಅಚ್ಚು ಹಾಕಿಸಿದ ಚೀಟಿ ಸಾಕು. ಯಾವ ಬ್ಯಾಂಕಿನ ಖಾತೆಯಾದರೂ, ಯಾವ ಆ್ಯಪ್ ಆದರೂ ಒಂದಕ್ಕೊಂದು ಮಾತಾಡುತ್ತವೆ. 2020ರ ಜನವರಿಯಿಂದ ಅಂಗಡಿಯವರಿಗೆ ಶುಲ್ಕವೂ ಇಲ್ಲ. 2025ರ ಆಗಸ್ಟ್ ತಿಂಗಳೊಂದರಲ್ಲೇ ಯುಪಿಐ ವ್ಯವಹಾರಗಳ ಸಂಖ್ಯೆ ಮೊದಲ ಬಾರಿಗೆ 2,000 ಕೋಟಿ ದಾಟಿತು. ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟಿಗೂ 2024ರ ಫೆಬ್ರುವರಿಯಲ್ಲಿ ಯುಪಿಐ ಕಾಲಿಟ್ಟಿತು.

ಪುಕ್ಕಟೆಯ ಲೆಕ್ಕ

ಹಾಗೆಂದು ಹಿಗ್ಗಿ ಕೂರುವಂತಿಲ್ಲ. ಪುಕ್ಕಟೆ ಎನ್ನುವುದು ಅಂಗಡಿಯವನಿಗೆ ಮಾತ್ರ. ಖರ್ಚು ಎಲ್ಲೋ ಬಿದ್ದೇ ಬೀಳುತ್ತದೆ. ಸಣ್ಣ ವ್ಯಾಪಾರಿಗಳಿಗೆ ಬರುವ 2,000 ರೂಪಾಯಿವರೆಗಿನ ಪಾವತಿಗಳಿಗೆ ಪ್ರೋತ್ಸಾಹಧನವೆಂದು ಕೇಂದ್ರ ಸರ್ಕಾರ 2024–25ನೇ ಸಾಲಿಗೆ ಸುಮಾರು 1,500 ಕೋಟಿ ರೂಪಾಯಿ ತೆಗೆದಿರಿಸಿತು. ಅದು ನಮ್ಮದೇ ತೆರಿಗೆಯ ಹಣ.

ಇನ್ನೊಂದು ವಿಚಿತ್ರ ನೋಡಿ. ಹಳಿ ನಮ್ಮದು, ಆದರೆ ಹಳಿಯ ಮೇಲೆ ಓಡುವ ಹತ್ತು ಬಂಡಿಗಳಲ್ಲಿ ಎಂಟು ಎರಡೇ ಕಂಪನಿಗಳವು: ಫೋನ್‌ಪೇ ಮತ್ತು ಗೂಗಲ್ ಪೇ. ಮೊದಲನೆಯದರ ದೊಡ್ಡ ಪಾಲುದಾರ ಅಮೆರಿಕದ ವಾಲ್‌ಮಾರ್ಟ್, ಎರಡನೆಯದು ಅಮೆರಿಕದ ಗೂಗಲ್. ಯಾವ ಆ್ಯಪ್‌ಗೂ ಶೇ 30ಕ್ಕಿಂತ ಹೆಚ್ಚು ಪಾಲು ಇರಬಾರದೆಂದು 2020ರಲ್ಲೇ ನಿಯಮ ಬಂತು. ಅದರ ಗಡುವು ಮುಂದಕ್ಕೆ ಹೋಗುತ್ತಾ 2026ರ ಡಿಸೆಂಬರಿಗೆ ಬಂದು ನಿಂತಿತು. ಎಲ್ಲವೂ ಒಂದೇ ಹಳಿಯ ಮೇಲಿದ್ದರೆ ಹಳಿ ಕೆಟ್ಟ ದಿನ ಎಲ್ಲರೂ ನಿಲ್ಲಬೇಕು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದ ಹಲವೆಡೆ ಆದದ್ದು ಅದೇ.

ಮೂರನೆಯ ಸಂಗತಿ ಕರ್ನಾಟಕದ್ದೇ. ಯುಪಿಐ ಗುರುತು ಬಿಟ್ಟು ಹೋಗುತ್ತದೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಆ ಗುರುತು ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ಮೇಲೆದ್ದಿತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ವಾತಾವರಣ ತಿಳಿಯಾಯಿತು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಲೆಕ್ಕಕ್ಕೆ ಬರುವುದು ಲಾಭವಲ್ಲ, ವಹಿವಾಟು. ಹಾಲು, ಸೊಪ್ಪು, ತರಕಾರಿಯಂಥ ವಿನಾಯಿತಿ ಸರಕಿಗೆ ತೆರಿಗೆಯಿಲ್ಲ. ಚೀಟಿ ಅಂಟಿಸಿದ ಬ್ಯಾಂಕುಗಳಾಗಲಿ ಕಂಪನಿಗಳಾಗಲಿ ಇಷ್ಟನ್ನು ಮೊದಲೇ ಬಿಡಿಸಿ ಹೇಳಿದ್ದರೆ ಎಷ್ಟೋ ಗಾಬರಿ ತಪ್ಪುತ್ತಿತ್ತು.

ಸಿಗ್ನಲ್ ಸಿಗದ ಕಡೆ

ಬೆಟ್ಟದ ಸುತ್ತಲ ಕಾಡಿನ ಊರುಗಳಿಗೆ ಇದಕ್ಕಿಂತ ಮೊದಲಿನ ಪ್ರಶ್ನೆಯಿದೆ. ಇಂಡಿಗನತ್ತದಲ್ಲಿ ಮೂಲ ಸೌಕರ್ಯವಿಲ್ಲವೆಂಬ ಸಿಟ್ಟು 2024ರ ಏಪ್ರಿಲ್ 26ರಂದು ಮತಗಟ್ಟೆಯನ್ನೇ ಪುಡಿಗಟ್ಟಿ, ಮರುಮತದಾನ ನಡೆಸಬೇಕಾಯಿತು. ದಾರಿಯೇ ಸರಿಯಿಲ್ಲದ ಕಡೆ ಫೋನಿನ ಸಿಗ್ನಲ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಟನ್ ಫೋನಿನಲ್ಲೂ ಹಣ ಕಳಿಸುವ ‘ಯುಪಿಐ 123ಪೇ’ 2022ರ ಮಾರ್ಚಿನಲ್ಲಿ ಬಂದಿದೆ. ಅದಕ್ಕೆ ಇಂಟರ್‌ನೆಟ್ ಬೇಡ, ಕರೆ ಹೋದರೆ ಸಾಕು. ಆದರೆ ಅದರ ಪ್ರಚಾರ ಟಿವಿ ಜಾಹೀರಾತಿನ ಆ್ಯಪ್‌ಗಳ ಮುಂದೆ ಏನೂ ಅಲ್ಲ.

ಯುರೋಪಿನವರು ಹೊರಗಿನ ಜಾಲದಿಂದ ಬಿಡಿಸಿಕೊಳ್ಳಲು ಹುಡುಕುತ್ತಿರುವ ದಾರಿಯನ್ನು ನಾವು ಕಂಡುಕೊಂಡಿದ್ದೇವೆ. ಕಾರ್ಡು ತಲುಪದ ಗಡಿಯ ಗೂಡಂಗಡಿಗೂ ಅದು ತಲುಪಿದೆ ಎಂಬುದೇ ಅದರ ಹೆಚ್ಚುಗಾರಿಕೆ. ಅದು ಉಳಿಯಬೇಕಾದರೆ ಎರಡು ಕಂಪನಿಗಳ ಹಿಡಿತ ಸಡಿಲವಾಗಬೇಕು, ಖರ್ಚನ್ನು ಯಾರು ಹೊರುತ್ತಾರೆಂಬುದು ಬಾಯಿಬಿಟ್ಟು ಇತ್ಯರ್ಥವಾಗಬೇಕು, ಕಾಡಿನ ಊರಿಗೂ ಸಿಗ್ನಲ್ ಬರಬೇಕು. ಅಲ್ಲಿಯವರೆಗೆ ಬೆಟ್ಟಕ್ಕೆ ಹೊರಟವರು ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಇಟ್ಟುಕೊಳ್ಳುವುದು ಕ್ಷೇಮ.