ಸನ್‌ಫ್ಲವರ್ ಕೌಂಟಿಯ ಹಂದಿಬ್ಯಾಂಕು

ಅಮೆರಿಕದ ಮಿಸಿಸಿಪಿ ರಾಜ್ಯದ ಡೆಲ್ಟಾ ಪ್ರದೇಶದಲ್ಲಿ, ದಾಸ್ಯವು ಶಾಸನರೀತ್ಯಾ ಅಳಿದು ಶತಮಾನ ಸಮೀಪಿಸಿದ್ದರೂ, ಹತ್ತಿ ಬೆಳೆಯುತ್ತಿದ್ದ ಕಪ್ಪು ಜನರ ಪಾಲಿಗೆ ನೆಲವೂ ಸ್ವಂತದ್ದಲ್ಲ, ಲೆಕ್ಕದ ಪುಸ್ತಕವೂ ಸ್ವಂತದ್ದಲ್ಲ; ಇದ್ದುದು ಕೋರುಪಾಲಿನ ಬೇಸಾಯ ಮತ್ತು ತೀರದ ಸಾಲ. 1962ರ ಚಳಿಗಾಲದಲ್ಲಿ ಲೆಫ್ಲೋರ್ ಕೌಂಟಿಯ ಅಧಿಕಾರಿಗಳು, ಮತದಾರರ ಪಟ್ಟಿಗೆ ಹೆಸರು ಬರೆಸಲು ಹೊರಟವರನ್ನು ದಂಡಿಸಲೆಂದು, ಕೇಂದ್ರ ಸರ್ಕಾರದಿಂದ ಬರುತ್ತಿದ್ದ ದವಸಧಾನ್ಯದ ವಿತರಣೆಯನ್ನೇ ನಿಲ್ಲಿಸಿದರು. ಹಸಿವೆಯು ಅಲ್ಲಿ ಆಳುವವರ ಆಯುಧವಾಗಿತ್ತು.

ಈ ಆಯುಧದ ಪೆಟ್ಟನ್ನು ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಫ್ಯಾನಿ ಲೌ ಹೇಮರ್ ಬಾಲ್ಯದಿಂದಲೇ ಬಲ್ಲವರು. 1917ರಲ್ಲಿ, ಇಪ್ಪತ್ತು ಮಕ್ಕಳ ಸಂಸಾರದ ಕಡೆಯ ಕೂಸಾಗಿ ಜನಿಸಿ, ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದ ಆಕೆಯ ತಂದೆತಾಯಿಗಳು, ಕಾಸಿಗೆ ಕಾಸು ಕೂಡಿಟ್ಟು ಹೇಸರಗತ್ತೆಗಳನ್ನೂ ಹಸುಗಳನ್ನೂ ಕೊಂಡು ಇನ್ನೇನು ತಲೆಯೆತ್ತಬೇಕೆನ್ನುವಷ್ಟರಲ್ಲಿ, ಆ ಏಳ್ಗೆಯನ್ನು ಸಹಿಸದ ಬಿಳಿಯನೊಬ್ಬನು ಮೇವಿಗೆ ವಿಷ ಬೆರೆಸಿ ಅವುಗಳನ್ನು ಕೊಂದನೆಂದು ಆಕೆಯೇ ಹೇಳಿಕೊಂಡಿದ್ದಾರೆ. ಮುಂದೆ, 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಸೇರಲು ಇಂಡಿಯನೋಲಾ ಪಟ್ಟಣಕ್ಕೆ ಹೋಗಿಬಂದ ಅಪರಾಧಕ್ಕಾಗಿ, 18 ವರ್ಷ ದುಡಿದ ಜಮೀನಿನಿಂದ ಒಡೆಯನು ಆಕೆಯನ್ನು ಹೊರದೂಡಿದನು.

1969ರಲ್ಲಿ, ಹತ್ತಿ ಬಿಡಿಸುವ ಯಂತ್ರಗಳೂ ಕಳೆನಾಶಕಗಳೂ ಬಂದು ಕೂಲಿಯೂ ಇಲ್ಲವಾದ ಸನ್‌ಫ್ಲವರ್ ಕೌಂಟಿಯಲ್ಲಿ, ಆಕೆ ದೇಣಿಗೆಯ ಹಣದಿಂದ 40 ಎಕರೆ ಕೊಂಡು ‘ಫ್ರೀಡಂ ಫಾರ್ಮ್’ ಎಂಬ ಸಹಕಾರಿ ಬೇಸಾಯವನ್ನು ಆರಂಭಿಸಿದರು. ತರುವಾಯ ಇನ್ನೂ 640 ಎಕರೆ ಸೇರಿತು. ಸದಸ್ಯತ್ವಕ್ಕೆ ತಿಂಗಳಿಗೆ ಒಂದು ಡಾಲರು. ಅಷ್ಟನ್ನೂ ತೆರಲಾರದವರೇ ಬಹುಮಂದಿಯಾದರೂ, ಫಸಲಿನ ಪಾಲು ಅವರಿಗೂ ತಪ್ಪಲಿಲ್ಲ. ಗೆಣಸು, ಸೊಪ್ಪು, ಅವರೆ, ನೆಲಗಡಲೆಗಳ ಜೊತೆಗೆ, ಗುಲಾಮರನ್ನು ಹೊತ್ತ ಹಡಗುಗಳ ಕಾಲದಲ್ಲಿ ಆಫ್ರಿಕದಿಂದ ಬಂದ ಬೆಂಡೆಯೂ ಅಲ್ಲಿ ಬೆಳೆಯಿತು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಫ್ರೀಡಂ ಫಾರ್ಮಿನ ಹಂದಿಬ್ಯಾಂಕು. ಡೊರೊಥಿ ಹೈಟ್ ಅಧ್ಯಕ್ಷರಾಗಿದ್ದ ನೀಗ್ರೋ ಮಹಿಳೆಯರ ರಾಷ್ಟ್ರೀಯ ಪರಿಷತ್ತು ಮೊದಲ ಹಂದಿಗಳನ್ನು ಒದಗಿಸಿತು. ಗಬ್ಬದ ಹೆಣ್ಣುಹಂದಿಯೊಂದನ್ನು ಮನೆಗೊಯ್ದು ಸಾಕಿದ ಕುಟುಂಬವು, ಅದು ಈದ ಬಳಿಕ ಎರಡು ಮರಿಗಳನ್ನು ಬ್ಯಾಂಕಿಗೆ ಮರಳಿಸಿ, ಉಳಿದವನ್ನು ತನ್ನದಾಗಿಸಿಕೊಳ್ಳುವುದು. ಹಿಂದಿರುಗಿದ ಮರಿಗಳು ಬೆಳೆದು ಮತ್ತೊಂದು ಮನೆಯನ್ನು ಸೇರುವುವು. ಪತ್ರವಿಲ್ಲ, ಜಾಮೀನಿಲ್ಲ, ಬಡ್ಡಿಯಿಲ್ಲ. ಒಂದು ಕುಟುಂಬದ ಜಾನುವಾರುಗಳಿಗೆ ವಿಷವಿಕ್ಕಿ ಅದನ್ನು ಮುರಿಯಬಹುದಾಗಿದ್ದ ಊರಿನಲ್ಲಿ, ನೂರಾರು ಹಿತ್ತಿಲುಗಳಲ್ಲಿ ಹರಡಿಕೊಂಡ ಈ ಸಂಪತ್ತನ್ನು ಯಾವನೊಬ್ಬನೂ ಹಾಗೆ ನಾಶಮಾಡುವಂತಿರಲಿಲ್ಲ.

ಹೊಲದ ಗತಿ ಬೇರೆಯಾಯಿತು. ಭೂಮಿಯ ಕಂತನ್ನೂ ತೆರಿಗೆಯನ್ನೂ ತೀರಿಸಲು ಹಣದ ಬೆಳೆಗಳಾದ ಹತ್ತಿ, ಸೋಯಾಗಳನ್ನು ನೆಚ್ಚಬೇಕಾಗಿತ್ತು. ಅವನ್ನು ನೆರೆಯೂ ಬರವೂ ಸರದಿಯಂತೆ ಕೆಡಿಸಿದುವು, ದೇಣಿಗೆ ಬತ್ತಿತು, ಹೇಮರರ ಆರೋಗ್ಯ ಕುಸಿಯಿತು. 1976ರ ಹೊತ್ತಿಗೆ ನೆಲ ಕೈಬಿಟ್ಟಿತು. ಮರುವರ್ಷದ ಮಾರ್ಚಿನಲ್ಲಿ ಆಕೆ ತೀರಿಕೊಂಡರು. ಬೇಸಾಯಗಾರರಲ್ಲಿ ದಕ್ಷತೆ ಸಾಲದೆಹೋಯಿತೆಂಬ ಮಾತನ್ನು ನಾನು ಒಪ್ಪಲಾರೆ: ಸಾಲದ ಹಂಗಿಲ್ಲದೆ ನಡೆದ ಹಂದಿಬ್ಯಾಂಕನ್ನು ಯಶಸ್ವಿಯಾಗಿ ನಡೆಸಿದವರೂ ಇದೇ ಜನ.