ಲ್ಯಾಪ್‌ಟಾಪ್ ದುರಸ್ತಿ: ಮೊದಲು ದೂಳು, ಆಮೇಲೆ ಬಿಡಿಭಾಗ

ನಾಲ್ಕೈದು ವರ್ಷ ದುಡಿದ ಲ್ಯಾಪ್‌ಟಾಪ್ ನಿಧಾನವಾಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ: ಒಳಗೆ ಕಟ್ಟಿಕೊಂಡ ದೂಳು, ಹಳೆಯ ಹಾರ್ಡ್ ಡಿಸ್ಕ್, ಸಾಲದ ರ‍್ಯಾಮ್. ಮೂರನ್ನೂ ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯಲ್ಲೇ ಸರಿಪಡಿಸಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿರಬೇಕು.

ದೂಳಿನ ಕಾಟ ಎಲ್ಲ ಕಡೆಯೂ ಒಂದೇ ಅಲ್ಲ. ಚಿಕ್ಕಮಗಳೂರು ಜಿಲ್ಲೆ ಎಂದರೆ ಮಳೆ, ಕಾಫಿ ತೋಟ ನೆನಪಾಗುತ್ತವೆ. ಜಿಲ್ಲೆಯ ಪೂರ್ವಕ್ಕಿರುವ ಕಡೂರು, ಅಜ್ಜಂಪುರಗಳು ಮಾತ್ರ ಮಳೆನೆರಳಿನ ಬಯಲುಸೀಮೆ. ರಾಗಿ, ಈರುಳ್ಳಿ ಹೊಲಗಳ ದೂಳು ಬೇಸಿಗೆಯ ಗಾಳಿಯೊಂದಿಗೆ ಮನೆಯೊಳಕ್ಕೂ ಬರುತ್ತದೆ. ತರೀಕೆರೆಯ ಪಶ್ಚಿಮ ಭಾಗ ಭದ್ರೆಯ ಕಾಡಿಗೆ ಅಂಟಿಕೊಂಡಿದೆ. ಅಲ್ಲಿ ಮಳೆಗಾಲದ ತೇವದ ಕಾಟವೇ ಹೆಚ್ಚು. ಲ್ಯಾಪ್‌ಟಾಪ್ ತಣಿಯುವುದು ಸುತ್ತಲಿನ ಗಾಳಿಯಿಂದಲೇ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ.

ಪ್ರೊಸೆಸರ್ ಮೇಲೆ ಚಪ್ಪಟೆಯಾದ ತಾಮ್ರದ ಕೊಳವೆ ಕೂತಿರುತ್ತದೆ. ಅದರೊಳಗೆ ಕಡಿಮೆ ಒತ್ತಡದಲ್ಲಿ ತುಸು ನೀರಿರುತ್ತದೆ. ಬಿಸಿಯಾದ ಕಡೆ ಆವಿಯಾದ ನೀರು ಇನ್ನೊಂದು ತುದಿಯಲ್ಲಿ ತಣಿದು ಮರಳುತ್ತದೆ. ಆ ತುದಿಯ ತೆಳು ತಗಡುಗಳ ಸಂದಿಯಿಂದ ಫ್ಯಾನ್ ಬಿಸಿಯನ್ನು ಹೊರದೂಡುತ್ತದೆ. ಫ್ಯಾನಿಗೂ ತಗಡುಗಳಿಗೂ ನಡುವೆ ದೂಳು, ಕೂದಲು, ಬಟ್ಟೆಯ ನಾರು ಸೇರಿ ಕಂಬಳಿಯಂತೆ ಹೆಣೆದುಕೊಂಡರೆ ಗಾಳಿಗೆ ದಾರಿಯೇ ಇರುವುದಿಲ್ಲ. ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಸೆಲ್ಸಿಯಸ್ ಗರಿಷ್ಠ ಮಿತಿ. ಅದನ್ನು ಮುಟ್ಟುತ್ತಿದ್ದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಳಸುವವರಿಗೆ ಅದು ‘ಹ್ಯಾಂಗ್’ ಆದಂತೆ ಕಾಣುತ್ತದೆ.

ಹಾಗಾಗಿ ಮೊದಲು ಆಗಬೇಕಾದ್ದು ಸ್ವಚ್ಛತೆ. ಹಿಂಬದಿಯ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಸಂಪರ್ಕ ಬಿಡಿಸಬೇಕು. ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತದೆ, ಚುಚ್ಚದೆ ಬದಲಿಸಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿಯಬೇಕು, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಕೊಳವೆಯನ್ನು ಹಿಡಿದಿರುವ ಸ್ಕ್ರೂಗಳ ಪಕ್ಕದಲ್ಲಿ ಸಾಮಾನ್ಯವಾಗಿ 1, 2, 3, 4 ಎಂದು ಅಚ್ಚಾಗಿರುತ್ತದೆ. ಬಿಗಿಯುವಾಗ ಆ ಕ್ರಮವನ್ನೇ ಅನುಸರಿಸಬೇಕು. ಪ್ರೊಸೆಸರಿಗೂ ಕೊಳವೆಗೂ ನಡುವೆ ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಂದೆರಡು ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಹಾಕಿದರೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು ತಿಳಿವಳಿಕೆ.

ಎರಡನೆಯದು ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತಾ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ಅದೇ ಜಾಗದಲ್ಲಿ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ 500 ಎಂಬಿಗೂ ಹೆಚ್ಚು ಓದಬಲ್ಲದು. ಹೊಸ ಮಾದರಿಗಳಲ್ಲಿ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಎಂ.2 ಪಟ್ಟಿಗೆ ಜಾಗವಿರುತ್ತದೆ. ಎಂ.2 ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಸಾಟಾ, ಎನ್‌ವಿಎಂಇ ಎರಡು ಬಗೆ ಇರುವುದರಿಂದ ಯಂತ್ರ ಯಾವುದನ್ನು ಒಪ್ಪುತ್ತದೆ ಎಂದು ನೋಡಿಯೇ ಕೊಳ್ಳಬೇಕು. ಡಿಸ್ಕ್ ಬದಲಿಸುವ ಮುನ್ನ ಫೋಟೊ, ಪಹಣಿ, ಅಂಕಪಟ್ಟಿಯಂಥ ಕಡತಗಳ ಬ್ಯಾಕಪ್ ಕಡ್ಡಾಯ.

ಮೂರನೆಯದು ರ‍್ಯಾಮ್. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವಿಭಾಗ ನೋಡಿದರೆ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ತುಂಬಿವೆ ಎಂಬುದು ತಿಳಿಯುತ್ತದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪಟ್ಟಿಯ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ತೆಳು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದರೆ ಹೆಚ್ಚಿಸುವ ದಾರಿಯಿಲ್ಲ. ಪ್ರೊಸೆಸರ್ ಕೂಡ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬೆಸೆದೇ ಬರುತ್ತದೆ.

ಬಿಡಿಭಾಗಗಳಿಗೆ ರಾಜ್ಯದ ದೊಡ್ಡ ಮಾರುಕಟ್ಟೆ ಬೆಂಗಳೂರಿನ ಎಸ್.ಪಿ. ರಸ್ತೆ. ಅಲ್ಲಿಗೆ ರೈಲಿನಲ್ಲೇ ಹೋಗಿಬರಬಹುದು: ಕಡೂರು ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲೇ ಇದೆ. ತರೀಕೆರೆ ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ಮಾರ್ಗದಲ್ಲಿದೆ. ಎಸ್.ಪಿ. ರಸ್ತೆಯಿಂದ ತರಿಸುವಾಗ ಲ್ಯಾಪ್‌ಟಾಪಿನ ತಳದಲ್ಲಿರುವ ಪೂರ್ತಿ ಮಾದರಿ ಸಂಖ್ಯೆ ಬರೆದುಕೊಂಡರೆ ತಪ್ಪು ಫ್ಯಾನ್, ತಪ್ಪು ಬ್ಯಾಟರಿ ಬರುವುದಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಅವಿಲ್ಲದ ಯಂತ್ರವನ್ನು ಎಸ್‌ಎಸ್‌ಡಿ ಹಾಕಿ ಉಬುಂಟುವಿನಂಥ ಲಿನಕ್ಸ್‌ನಲ್ಲಿ ಓದು, ಬರಹ, ಲೆಕ್ಕಪತ್ರಕ್ಕೆ ಬಳಸಬಹುದು. ತೆಗೆದ ಬ್ಯಾಟರಿ, ಬೋರ್ಡುಗಳನ್ನು ಕಸದ ಗಾಡಿಗೆ ಹಾಕದೆ ಅಧಿಕೃತ ಇ–ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು.

ಬಯಲುಸೀಮೆಯಲ್ಲಿ ವರ್ಷಕ್ಕೊಮ್ಮೆ, ಬೇಸಿಗೆ ಕಾಲಿಡುವ ಮುನ್ನ, ಒಳಗಿನ ದೂಳು ತೆಗೆಸುವುದು ಒಳ್ಳೆಯ ರೂಢಿ. ಹಾಸಿಗೆಯ ಮೇಲಿಟ್ಟರೆ ತಳದ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಗಟ್ಟಿ ಹಲಗೆಯ ಮೇಲಿಟ್ಟು ಬಳಸಬೇಕು. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಹಳೆಯದರ ಮುಚ್ಚಳ ಒಮ್ಮೆ ತೆಗೆಸಿ ನೋಡುವುದು ಜಾಣತನ.