ಗರ್ಭಿಣಿಯ ರಕ್ತಹೀನತೆ: ಕಬ್ಬಿಣದ ಮಾತ್ರೆಯೊಂದೇ ಉತ್ತರವಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ ಸಿಂಧನೂರು, ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ರಾಯಚೂರು ಜಿಲ್ಲೆಯಲ್ಲಿದೆ. ಅಲ್ಲಿ ಗದ್ದೆ ಕೆಲಸ ಮಾಡುವ ಗರ್ಭಿಣಿಯರಲ್ಲಿ 'ರಕ್ತ ಕಡಿಮೆ' ಎಂಬುದು ನಮ್ಮ ಕರಾವಳಿಯಲ್ಲಿರುವಂತೆಯೇ ಸಾಮಾನ್ಯ ಮಾತು. ಹೆಚ್ಚಿನವರಿಗೆ ಕಬ್ಬಿಣಾಂಶದ ಕೊರತೆಯೇ ಕಾರಣ. ಆದರೆ ಕೆಲವರು ತಪ್ಪದೆ ಮಾತ್ರೆ ತೆಗೆದುಕೊಂಡರೂ ರಕ್ತ ಏರುವುದಿಲ್ಲ. ಆಗ ಸೊಸೆ ಮಾತ್ರೆ ಎಸೆಯುತ್ತಾಳೆ ಎಂಬ ದೂರು ಬರುತ್ತದೆ. ನಿಜವಾದ ಕಾರಣ ಹುಟ್ಟಿನಿಂದಲೇ ಬಂದ ರಕ್ತದೋಷವಾಗಿರಬಹುದು.

ಇವುಗಳಲ್ಲಿ ಮುಖ್ಯವಾದವು ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್, ಅಂದರೆ ಕುಡುಗೋಲು ಕಣ ರೋಗ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ದೋಷ ಬಂದರೆ ಆ ವ್ಯಕ್ತಿ ಬರೇ ವಾಹಕ. ಅವರು ರೋಗಿಯಲ್ಲ, ಹೆಚ್ಚಿನ ವಾಹಕ ತಾಯಂದಿರ ಹೆರಿಗೆ ಸುಖವಾಗಿಯೇ ಆಗುತ್ತದೆ. ಪತಿ ಪತ್ನಿ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಗರ್ಭದಲ್ಲೂ ಮಗುವಿಗೆ ತೀವ್ರ ರೋಗ ಬರುವ ಸಾಧ್ಯತೆ ಶೇಕಡಾ 25.

ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಉತ್ತರ ಕರ್ನಾಟಕದಲ್ಲಿ ಇಂಥ ಮದುವೆಗಳು ಇಂದಿಗೂ ರೂಢಿಯಲ್ಲಿವೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1091ನೇ ವಿಧಿಯೂ ಹತ್ತಿರದ ರಕ್ತಸಂಬಂಧವನ್ನು ವಿವಾಹಕ್ಕೆ ಅಡ್ಡಿ ಎಂದು ಹೇಳುತ್ತದೆ. ಸಿಂಧನೂರಿನ ಪುನರ್ವಸತಿ ಶಿಬಿರಗಳಲ್ಲಿ 1970ರ ದಶಕದಿಂದ ಬಂಗಾಳಿ ಕುಟುಂಬಗಳು ನೆಲೆಸಿವೆ. ಬಂಗಾಳ ಮೂಲದವರಲ್ಲಿ ಹಿಮೋಗ್ಲೋಬಿನ್ 'ಇ' ಎಂಬ ಇನ್ನೊಂದು ಬಗೆ ಹೆಚ್ಚಾಗಿ ಕಾಣುತ್ತದೆ. ಇದು ಥಲಸ್ಸೇಮಿಯಾದೊಂದಿಗೆ ಸೇರಿದರೂ ಮಗುವಿಗೆ ರೋಗ ಬರಬಹುದು. ಆದ್ದರಿಂದ ಇದು ಯಾವುದೋ ಒಂದು ಜಾತಿಯ ಅಥವಾ ಊರಿನ ಕಾಯಿಲೆ ಎಂದು ಭಾವಿಸಬಾರದು.

ಗರ್ಭಿಣಿಯರು ಗಮನಿಸಬೇಕಾದದ್ದು:

1. ಮೊದಲ ಮೂರು ತಿಂಗಳೊಳಗೆ ಪೂರ್ಣ ರಕ್ತ ಪರೀಕ್ಷೆ ಮಾಡಿಸಿ. ಕೆಂಪು ರಕ್ತಕಣಗಳು ಸಣ್ಣದಾಗಿದ್ದರೆ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಪತ್ನಿ ವಾಹಕಳೆಂದು ತಿಳಿದರೆ ಪತಿಯ ಪರೀಕ್ಷೆಯೂ ತಡವಿಲ್ಲದೆ ಆಗಬೇಕು.

2. ಕಬ್ಬಿಣದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಾಹಕರಿಗೂ ಕಬ್ಬಿಣದ ಕೊರತೆ ಇರಬಹುದು. ಫೆರಿಟಿನ್ ಪರೀಕ್ಷೆ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಫೋಲಿಕ್ ಆಮ್ಲ ಮಾತ್ರ ಎಲ್ಲ ಗರ್ಭಿಣಿಯರಿಗೂ ಬೇಕು.

3. ಸಿಕಲ್ ಸೆಲ್ ರೋಗವಿರುವ ತಾಯಿ ಧಾರಾಳ ನೀರು ಕುಡಿಯಬೇಕು, ಬಿಸಿಲಲ್ಲಿ ದಣಿಯಬಾರದು. ಜ್ವರ, ಎದೆನೋವು, ಉಸಿರಾಟದ ತೊಂದರೆ, ತೀವ್ರ ಮೈಕೈ ನೋವು ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

4. ನಿಯಮಿತವಾಗಿ ರಕ್ತ ಪಡೆಯುವ ಥಲಸ್ಸೇಮಿಯಾ ರೋಗಿಗಳು ಗರ್ಭ ಧರಿಸುವ ಮುನ್ನವೇ ಹೃದಯ, ಯಕೃತ್ತಿನ ತಪಾಸಣೆ ಮಾಡಿಸಿ, ಮದ್ದುಗಳ ಬಗ್ಗೆ ಸಲಹೆ ಪಡೆಯಬೇಕು.

5. ಇಂಥ ರೋಗವಿರುವ ತಾಯಂದಿರ ಹೆರಿಗೆ ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ತಾಲೂಕು ಕೇಂದ್ರದಿಂದ ದೂರವಿರುವವರು ವಾಹನ ಮತ್ತು ರಕ್ತದಾನಿಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. 2023ರ ಜುಲೈಯಲ್ಲಿ ಕೇಂದ್ರ ಸರಕಾರ ಸಿಕಲ್ ಸೆಲ್ ನಿರ್ಮೂಲನ ಅಭಿಯಾನವನ್ನೂ ಆರಂಭಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ರೋಗಗಳೂ ಸೇರಿವೆ.

ಗರ್ಭದಲ್ಲಿರುವ ಶಿಶುವಿನ ಪರೀಕ್ಷೆ ಮಾಡಿಸಬಹುದೇ ಎಂಬ ಪ್ರಶ್ನೆ ಕ್ರೈಸ್ತ ದಂಪತಿಗಳಲ್ಲಿ ಏಳುವುದು ಸಹಜ. ತಾಯಿ ಮತ್ತು ಮಗುವಿನ ಜೀವವನ್ನು ಗೌರವಿಸಿ, ಮಗುವಿನ ರಕ್ಷಣೆ ಇಲ್ಲವೇ ಚಿಕಿತ್ಸೆಗಾಗಿ ಮಾಡುವ ಪರೀಕ್ಷೆಯನ್ನು ಧರ್ಮಸಭೆ 1987ರ 'ದೋನುಮ್ ವಿತೆ' ದಾಖಲೆಯಲ್ಲಿ ಒಪ್ಪಿದೆ. ದೋಷ ಕಂಡರೆ ಗರ್ಭಪಾತ ಮಾಡಿಸುವ ಉದ್ದೇಶದ ಪರೀಕ್ಷೆಯನ್ನು ಒಪ್ಪುವುದಿಲ್ಲ. ಆದ್ದರಿಂದಲೇ ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸುವುದು ನಮಗೆ ಇನ್ನೂ ಅಗತ್ಯ. ಗರ್ಭ ನಿಂತ ಮೇಲೆ ಎದುರಾಗುವ ಸಂಕಟವನ್ನು ಇದರಿಂದ ತಪ್ಪಿಸಬಹುದು.

ವಿವಾಹ ಪೂರ್ವ ತಯಾರಿ ಶಿಬಿರಗಳಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಡೋಣ. ವರದಿಯ ಗುಟ್ಟು ವೈದ್ಯರು ಮತ್ತು ಜೋಡಿಯ ನಡುವೆಯೇ ಇರಲಿ. ವಾರ್ಡಿನ ಗುರಿಕಾರರು, ಸ್ತ್ರೀ ಸಂಘಟನೆಯವರು, ದೂರದ ಊರುಗಳಲ್ಲಿ ಸೇವೆ ಮಾಡುವ ಧರ್ಮಭಗಿನಿಯರು ಮನೆಗಳಿಗೆ ಹೋದಾಗ ಒಂದು ಮಾತು ತಪ್ಪದೆ ಹೇಳಲಿ: ಮಗುವಿಗೆ ಈ ರೋಗ ಬರಬೇಕಾದರೆ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಿರಬೇಕು. ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ.